ಕೋದಂಡಪ್ಪನವರು ಸೋಸಿದ ರಾಗಿ ಸರಿ

"ಮೊಮ್ಮಗಳು ತಿನ್ನೋ ಮೊದಲ್ನೇ ರಾಗಿ ಸರಿ ನಾನೇ ಮಾಡೋದು! ಡೇರೀಲಿ ಊರಿನ ಆಲೆಲ್ಲಾ ಸೋಸಿರೋ ಕೈ ಕಣೇ ಇದು!"

ಬೂದಿಕೋಟೆ ಕಡೆಯ ಹಾಲಿನ ಡೇರಿಯ ಕಾರ್ಯದರ್ಶಿ ಕೋದಂಡಪ್ಪನವರು ಹೀಗೆ ಘೋಷಿಸಿದಾಗ ಹೆಂಡತಿ ಅಕ್ಕಯ್ಯಮ್ಮ ಸುಮ್ಮನೆ ನಕ್ಕರು. ಆ ನಗು ಇವರನ್ನು ಕೆಣಕಿತು. ಆಂಡರ್ಸನ್‌ಪೇಟೆಯ ಬೀಗಿತಿ ಮುತ್ಯಾಲಮ್ಮನಿಗೆ ಫೋನ್ ಮಾಡಿಯೇಬಿಟ್ಟರು. "ಸಾಯಂಕಾಲ ಬನ್ನಿ, ನನ್ನ ಕೈರುಚಿ ನೋಡಿ! ಮಗು ಉಗಿದ್ರೆ ಮೀಸೆ ಬೋಳಿಸ್ಕತೀನಿ!"

ನೆನೆಸಿದ ರಾಗಿ ರುಬ್ಬಿದರು. ಪಾತ್ರೆಗೆ ತೆಳುಬಟ್ಟೆ ಕಟ್ಟಿ ಸುರಿದರು. ಒಂದು ಲೋಟ ಇಳಿದಿತ್ತೋ ಇಲ್ಲವೋ, ಹೊಟ್ಟು ಬಟ್ಟೆಯ ಕಣ್ಣುಗಳನ್ನೆಲ್ಲ ಮುಚ್ಚಿ ಸತ್ಯಾಗ್ರಹ ಹೂಡಿತು! ಹಿಂಡಿದರು, ತಿರುಚಿದರು, ಹಲ್ಲು ಕಚ್ಚಿದರು. ಬಟ್ಟೆ ಪರ್ರನೆ ಹರಿದು, ಪಣಕ್ಕಿಟ್ಟ ಮೀಸೆಗೇ ರಾಗಿ ಅಭಿಷೇಕ!

"ಬಟ್ಟೆ ಮೇಲೆ ಕಟ್ಟಿರೋದ್ನ ಆಗಾಗ ಕೆರೆದು ತೆಗೀರಿ, ತಾನಾಗೇ ಇಳೀತದೆ" ಎಂದು ಅಕ್ಕಯ್ಯಮ್ಮ ಬೇರೆ ಬಟ್ಟೆ ಕೊಟ್ಟರು. "ಆಮೇಲೆ ಪಾತ್ರೆ ಮುಟ್ಬೇಡಿ. ಗಟ್ಟಿ ತಳದಾಗೆ ಕೂತ್ಮೇಲೆ ಮೇಲಿನ ನೀರು ಬಗ್ಗಿಸ್ಬೇಕು."

ಹಾಗೆಯೇ ಸೋಸಿ ಮುಗಿಸಿದರು. ಪಾತ್ರೆ ಮುಟ್ಟಲಿಲ್ಲ. ಸೌಟು ಹಾಕಿ ಕಲಕಿದರು, ಅಷ್ಟೇ! ಡೇರಿಯಲ್ಲಿ ಕ್ಯಾನು ಕಲಕದೆ ಸ್ಯಾಂಪಲ್ ತೆಗೆಯುವುದು ಮಹಾಪರಾಧ. ಆ ಅಭ್ಯಾಸ ಕೈಬಿಟ್ಟೀತೇ? ರಾಗಿ ಕುಳಿತಿದೆಯೇ ಎಂದು ನೋಡಲು ಹೋದಾಗಲೆಲ್ಲ ಮೊದಲು ಕಲಕುವುದು, ಆಮೇಲೆ ನೋಡುವುದು! ಮಧ್ಯಾಹ್ನವಾದರೂ ಪಾತ್ರೆಯಲ್ಲಿ ಬರೀ ಬಗ್ಗಡ.

"ಲೇ, ನಿನ್ನ ರಾಗೀನೇ ಸರಿಯಿಲ್ಲ! ಕೂರೋ ಲಕ್ಷಣವೇ ಇಲ್ಲ ಇದಕ್ಕೆ!"

"ಕೂರಕ್ಕೆ ಬಿಟ್ರೆ ತಾನೆ! ಬಂಗಾರಪೇಟೆಗೋಗಿ ಬೆಲ್ಲ ತಕಂಡ್ಬನ್ನಿ."

"ಮನೇಲೇ ಐತಲ್ಲ!"

"ಅದು ಬ್ಯಾಡ. ಒಳ್ಳೇದು ಬೇಕು. ಓಗಿ!"

ಬಸ್ಸು ಹಿಡಿದು ಹೋಗಿ, ಬೆಲ್ಲದೊಂದಿಗೆ ಬಂದು ನೋಡುತ್ತಾರೆ: ಮೇಲೆ ತಿಳಿನೀರು, ತಳದಲ್ಲಿ ಬೆಣ್ಣೆಯಂಥ ರಾಗಿ! ಆನಂದಕ್ಕೆ ಪಾರವೇ ಇಲ್ಲ. ನೀರು ಬಗ್ಗಿಸಿ, ಬೆಲ್ಲ ಕರಗಿಸಿ, ಗಂಟಾಗದಂತೆ ತಿರುವಿ ತಿರುವಿ ಕಾಯಿಸಿದರು. ಇಲ್ಲಿ ಎಷ್ಟು ಕಲಕಿದರೂ ಕೇಳುವವರಿಲ್ಲ!

ಮುತ್ಯಾಲಮ್ಮನ ತೊಡೆಯ ಮೇಲೆ ಕುಳಿತ ಮೊಮ್ಮಗಳು ಮೊದಲ ಚಮಚ ಚಪ್ಪರಿಸಿ, ತಾತನ ಬೆರಳನ್ನೂ ಚೀಪಿದಳು. ಮೀಸೆ ಉಳಿಯಿತು! ಕೋದಂಡಪ್ಪನವರು ಅದನ್ನು ಎರಡೂ ಕಡೆ ತಿರುವಿದರು.

"ಅಬ್ಬಬ್ಬಾ, ಏನು ನುಣ್ಣಗೈತೆ ಬೀಗ್ರೇ! ನಮ್ಮನೇಲಿ ಇಂಗೆ ಬರಾಕಿಲ್ಲ. ಏನಿದರ ಗುಟ್ಟು?"

ಕೋದಂಡಪ್ಪನವರು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕಯ್ಯಮ್ಮ ಹೇಳಿದರು:

"ಸುಲಭ ಕಣಕ್ಕಾ. ರಾಗಿ ಸೋಸಿಟ್ಟು, ಗಂಡನ್ನ ಬಂಗಾರಪೇಟೆಗೆ ಕಳಿಸ್ಬೇಕು!"