ಹೆಸ್ಟರ್ ಅತ್ತೆಯ ಬಲಗಣ್ಣಿನ ಡಾಲರು

ಅತ್ತೆ ಸತ್ತಾಗ ಡೆಲ್ಮರ್ ಕ್ವಿಸ್ಟನಿಗೆ ದುಃಖವೇ ಆಗಲಿಲ್ಲ ಎಂದರೆ ತಪ್ಪಾಗುತ್ತದೆ. ಆಯಿತು. ಆದರೆ ಮನೆಯ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯ ಎದುರು ತಲೆ ತಗ್ಗಿಸಿ ನಿಂತಿದ್ದಾಗ, ಹೆಸ್ಟರ್ ಅತ್ತೆಯ ಬಲಗಣ್ಣಿನ ಮೇಲಿದ್ದ ಬೆಳ್ಳಿ ಡಾಲರಿನಲ್ಲಿ, ಹದ್ದಿನ ಬಾಲದ ಕೆಳಗೆ, ಎರಡು ಪುಟ್ಟ 'ಸಿ'ಗಳು ಕಂಡವು. ಕಾರ್ಸನ್ ಸಿಟಿ ಟಂಕಸಾಲೆಯ ಗುರುತು, ನಾಣ್ಯ ಸಂಗ್ರಹದ ಹುಚ್ಚಿರುವ ಅವನಂಥವರು ದುಬಾರಿ ಬೆಲೆ ತೆತ್ತು ಕೊಳ್ಳುವ ಅಪರೂಪದ ಸರಕು! ದುಃಖ ಒಂದು ಪಕ್ಕಕ್ಕೆ ಸರಿದು ಕೂತಿತು.

ಸತ್ತವರ ಕಣ್ಣಿನ ಮೇಲೆ ಅವೇ ಎರಡು ಡಾಲರು ಇಟ್ಟು, ಮುಚ್ಚಳ ಹಾಕುವ ಮುಂಚೆ ತೆಗೆದು ಮುಂದಿನವರಿಗೆಂದು ಎತ್ತಿಡುವುದು ಹೆಂಡತಿ ವರ್ನಾಳ ತವರಿನಲ್ಲಿ ಗಣಿಗಾರ ಮುತ್ತಜ್ಜನ ಕಾಲದಿಂದ ಬಂದ ಪದ್ಧತಿ. (ಮುಂದಿನವರು ಯಾರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆ ದಿನ ಬಂದವರೆಲ್ಲ ಡೆಲ್ಮರನ ಆರೋಗ್ಯ ವಿಚಾರಿಸುತ್ತಿದ್ದರು.) ಹಿಂದಿನ ಸಾವುಗಳಲ್ಲಿ ನಾಣ್ಯದ ಹೆಂಗಸಿನ ಮುಖ ಮೇಲಿರುತ್ತಿತ್ತು. ಈ ಸಲ ಯಾರೋ ಹದ್ದನ್ನು ಮೇಲೆ ಮಾಡಿಟ್ಟಿದ್ದರು.

ವರ್ನಾಳ ಸೊಂಟದ ಕೀಲು ಸವೆದು ಎರಡು ವರ್ಷವಾಗಿತ್ತು. ಮಗ್ಗುಲು ಬದಲಿಸಿದರೂ ನರಳುತ್ತಿದ್ದಳು. ಆಪರೇಷನ್ನಿಗೆ ತನ್ನ ಪ್ರಾಣದಂಥ ಡಾಲರನ್ನು ಮಾರುತ್ತೇನೆಂದು ಡೆಲ್ಮರ್ ಮಾತು ಕೊಟ್ಟಿದ್ದ. ನಾಣ್ಯ ಪರೀಕ್ಷಕರಿಂದ ಎಪ್ಪತ್ತಕ್ಕೆ ಅರವತ್ತೈದು ದರ್ಜೆ ಪಡೆದು, ಮೊಹರಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಿರಾಜಮಾನವಾಗಿದ್ದ, ಮನುಷ್ಯರ ಬೆರಳು ಸೋಕದ ನಾಣ್ಯ ಅದು. ಈಗ ಅತ್ತೆಯದನ್ನು ಮಾರಿದರೆ ತನ್ನದು ಉಳಿಯುತ್ತದೆ! ಕೇಳಿದರೆ ವರ್ನಾ ಕೊಡುವವಳಲ್ಲ. ಆ 'ಸಿ'ಗಳು ಇನ್ಯಾರ ಕಣ್ಣಿಗಾದರೂ ಬೀಳುವ ಮುಂಚೆ, ಇವತ್ತೇ ಬದಲಾಯಿಸಿಬಿಡಬೇಕು.

ಕಷ್ಟವೆಂದರೆ, ಅತ್ತೆಯ ಡಾಲರು ಥಳಥಳ ಹೊಳೆಯುತ್ತಿತ್ತು. ಡೆಲ್ಮರನ ಬಳಿ ಅಷ್ಟು ಹೊಳೆಯುವುದು ಇದ್ದದ್ದು ಆ ಅರವತ್ತೈದು ಒಂದೇ. ಇರಲಿ, ನಾಳೆ ಮುಚ್ಚಳ ಹಾಕುವಾಗ ತೆಗೆಯುವವನು ಅಳಿಯನಾದ ತಾನೇ ತಾನೆ? ಆಗ ತನ್ನದನ್ನು ಜೇಬಿಗಿಳಿಸಿ ಯಾವುದೋ ಸಾದಾ ಡಾಲರು ಎತ್ತಿಟ್ಟರಾಯಿತು. ಗ್ಯಾರೇಜಿಗೆ ಹೋಗಿ ಸುತ್ತಿಗೆಯಿಂದ ಡಬ್ಬಿ ಒಡೆದ. ಅತ್ತೆಯ ಹಣೆಗೆ ಮುತ್ತಿಡುವ ನೆಪದಲ್ಲಿ ಬಗ್ಗಿ ಕೈಚಳಕ ತೋರಿಸಿದ. (ಮೂವತ್ತು ವರ್ಷದಲ್ಲಿ ಅವನು ಆಕೆಗೆ ಕೊಟ್ಟ ಮೊದಲ ಮುತ್ತು.)

ಮರುದಿನ ಬೆಳಿಗ್ಗೆ ಡೆಲ್ಮರ್ ಕೈ ಚಾಚಿದ. ವರ್ನಾ ತಡೆದಳು.

"ಬೇಡ ಡೆಲ್. ಅಮ್ಮನ ಜೊತೇಲೇ ಹೋಗ್ಲಿ. ಇನ್ನು ನಮ್ಮನೇಲಿ ಸಾವು ಸಾಕು."

"ಪದ್ಧತಿ ಕಣೇ! ಮುತ್ತಜ್ಜ ಏನಂದ್ಕೋತಾನೆ?"

"ನಿಂಗ್ಯಾವಾಗಿಂದ ನಮ್ಮ ಮುತ್ತಜ್ಜನ ಮೇಲೆ ಭಕ್ತಿ ಬಂತು?"

ಮುಚ್ಚಳ ಬಿತ್ತು. ಮಣ್ಣು ಬೀಳುವಾಗ ಡೆಲ್ಮರ್ ಬಿಕ್ಕಿಬಿಕ್ಕಿ ಅತ್ತ. ಇಂಥ ಅಳಿಯ ಯಾರಿಗುಂಟು ಎಂದು ನೆಂಟರು ಕರಗಿಹೋದರು.

ಜೇಬಿನಲ್ಲಿದ್ದ ಅತ್ತೆಯ ಡಾಲರೊಂದೇ ಇನ್ನು ಆಸೆ. ನೇರ ನಾಣ್ಯದಂಗಡಿಯ ಪಿಂಕ್ನಿ ಮುದುಕನ ಹತ್ತಿರ ಹೋದ. ಪಿಂಕ್ನಿ ಭೂತಗನ್ನಡಿ ಹಿಡಿದು, ದೀಪದ ಕೆಳಗೆ ನಾಣ್ಯ ಓರೆ ಮಾಡಿ ನೋಡಿದ.

"ನಿಜವಾದ ಹೊಳಪಾದ್ರೆ ಓರೆ ಮಾಡಿದಾಗ ಬೆಳಕು ನಾಣ್ಯದ ಮೇಲೆ ಗಾಲಿ ಥರಾ ತಿರುಗ್ಬೇಕು ಮಾರಾಯ. ಇದು ಬರೀ ಪಾತ್ರೆ ಹೊಳಪು. ಉಜ್ಜಿ ಉಜ್ಜಿ ಹೆಂಗಸಿನ ಮೂಗೇ ಸವೆಸಿದಾರೆ. ದರ್ಜೆ ಕೊಡೋರು ಇದಕ್ಕೆ ನಂಬರೇ ಹಾಕಲ್ಲ. ನಲವತ್ತು ವರ್ಷದಿಂದ ನಾಣ್ಯ ನೋಡ್ತೀಯ, ಗೊತ್ತಾಗ್ಲಿಲ್ವಾ?"

"ಅತ್ತೆ ಮೇಲಿತ್ತು," ಎಂದ ಡೆಲ್ಮರ್ ಸಣ್ಣ ದನಿಯಲ್ಲಿ.

"ವರ್ನಾ ಆಪರೇಷನ್ನಿಗಾ? ಇದಕ್ಕೆ ಊರುಗೋಲು ಬರತ್ತೆ, ಸೊಂಟ ಬರಲ್ಲ."

ಮನೆಗೆ ಬಂದರೆ ವರ್ನಾ ಗೋಡೆ ಹಿಡಿದುಕೊಂಡು ಎದ್ದು ಬಂದಳು. ನೋವಿಗೆ ಮುಖ ಬೆಳ್ಳಗಾಗಿತ್ತು, ಆದರೂ ನಗುತ್ತಿದ್ದಳು. "ಆಸ್ಪತ್ರೆಯವ್ರು ಫೋನ್ ಮಾಡಿದ್ರು. ಹದಿನಾಲ್ಕನೇ ತಾರೀಕು ಅಂತೆ. ನಿನ್ನ ಡಾಲರು ತಾ ಇಲ್ಲಿ, ಮಾರೋ ಮುಂಚೆ ಅಡುಗೆ ಸೋಡಾ ಹಾಕಿ ಉಜ್ಜಿಕೊಡ್ತೀನಿ. ಅಮ್ಮನ ಡಾಲರೂ ಪ್ರತಿ ಸಾವಿಗೂ ನಾನೇ ಉಜ್ತಿದ್ದೆ, ಹೆಂಗೆ ಹೊಳೀತಿತ್ತು ನೋಡಿದ್ಯಲ್ಲ?"

ಅವಳ ನಗು ನೋಡಿ ಡೆಲ್ಮರನಿಗೆ ಸತ್ತುಹೋಗುವಷ್ಟು ನಾಚಿಕೆಯಾಯಿತು.

"ಎಲ್ಲಿಟ್ಟಿದೀಯ? ಭದ್ರವಾಗಿದೆ ತಾನೆ?"

"ಭದ್ರವಾಗೇ ಇದೆ ವರ್ನಾ," ಎಂದ. "ನಿಮ್ಮಮ್ಮನ ಕಣ್ಗಾವಲಲ್ಲಿದೆ."