ಪೈಪಿಗೆ ಏನು ಬಣ್ಣ?

ನಂಬಲ್ಲ ಅನ್ನೋರು ತಿರುವೊಟ್ಟಿಯೂರಿಗೆ ಬಂದು ನನ್ನ ಕಾರಿನ ಬಾನೆಟ್ ಎತ್ತಿ ನೋಡಿ, ಆಮೇಲೆ ಮಾತಾಡಿ. ಮದ್ದೂರು ಕಡೆಯ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಕೆಳಗೆ ಮಲಗಿ ಬೆಳೆದವನು ನಾನು. ಗಾಡಿ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚೆನ್ನೈಗೆ ಬಂದ ಮೇಲೆ ತಮಿಳನ್ನೂ ಕಲಿತೆ. ಎಷ್ಟು ಬೇಗ ಕಲಿತೆ ಅಂದ್ರೆ, ನಾನಾಡುವ ತಮಿಳು ತಮಿಳರಿಗೇ ಇನ್ನೂ ಬರಲ್ಲ. ಅದಕ್ಕೇ ಇಂಥವು ನನಗೆ ಆಗ್ತಾನೇ ಇರ್ತವೆ.

ಈ ಸಲ ಆದದ್ದು ಒಂದು ಪೈಪಿನಿಂದ. ನನ್ನದು ಹಳೇ ಟರ್ಬೊ ಡೀಸೆಲ್ ಕಾರು. ಟರ್ಬೊದಿಂದ ಬರೋ ಬಿಸಿಗಾಳಿಯನ್ನು ತಣ್ಣಗೆ ಮಾಡಿ ಎಂಜಿನ್ನಿಗೆ ಕೊಡೋದು ಇಂಟರ್‌ಕೂಲರ್. ಬಾನೆಟ್ ಎತ್ತಿದರೆ ಮೊದಲು ಕಾಣೋದೇ ಅದರ ಪೈಪು. ಆ ಭಾನುವಾರ ಸಮುದ್ರದ ಕಡೆ ಮೈದಾನದಲ್ಲಿ ಕಾರು ಹುಚ್ಚರ ಕೂಟವಿತ್ತು. ಬಾನೆಟ್ ಒಳಗೆ ಯಾರದು ಚೆಂದವೋ ಅವರಿಗೆ ಒಂದು ಕಪ್ ಬಹುಮಾನ. "ಕಪ್ ತರಲಿಲ್ಲ ಅಂದ್ರೆ ಸೋಮವಾರದಿಂದ ಬಸ್ಸಲ್ಲೇ ಬರ್ತೀನಿ" ಅಂತ ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಎಲ್ಲರೆದುರಿಗೂ ಹೇಳಿಬಿಟ್ಟಿದ್ದೆ.

ಎನ್ನ ಪಣ್ಣ

ವರ್ಕ್‌ಶಾಪ್ ಅಣ್ಣ ಹೊಸ ಪೈಪನ್ನು ಒಳಗೆ ಕೂರಿಸಿ ನೋಡ್ತಿದ್ದ. ಅದು ಬ್ಯಾಟರಿಗೆ ತಾಗ್ತಿತ್ತು. ತಲೆ ಕೆರೆದುಕೊಂಡು, "ಎನ್ನ ಪಣ್ಣ?" ಅಂದ. ತಮಿಳಿನಲ್ಲಿ ಅದು "ಏನು ಮಾಡೋದು" ಅಂತ. ನನ್ನ ಕಿವಿಗೆ ಬಿದ್ದದ್ದು "ಏನು ಬಣ್ಣ" ಅಂತ.

"ಸಿವಪ್ಪು" ಅಂದೆ. ಕೆಂಪು ಅನ್ನೋದಕ್ಕೆ ಅವರ ಮಾತು.

ಅವನು ನನ್ನನ್ನೇ ನೋಡಿದ. "ತಂಬಿ, ಬ್ಯಾಟರಿ ಇಡಿಕ್ಕುದು. ಎನ್ನ ಪಣ್ಣ?"

"ಸಿವಪ್ಪೇ ಅಣ್ಣೇ. ಬ್ಯಾಟರಿ ಕಪ್ಪಗಿದೆ, ಪಕ್ಕದಲ್ಲಿ ಕೆಂಪು ಎದ್ದು ಕಾಣುತ್ತೆ."

ಅವನು ಪೈಪು ಕೆಳಗಿಟ್ಟು ಟೀ ಕುಡಿಯಲು ಹೋದ. ವಾಪಸ್ ಬಂದು ಬ್ಯಾಟರಿಯನ್ನೇ ಆಚೆ ಸರಿಸಿದ. ಆವತ್ತಿನಿಂದ ಆ ವರ್ಕ್‌ಶಾಪಿನಲ್ಲಿ ಯಾವ ಬೋಲ್ಟು ಸಿಕ್ಕಿಹಾಕಿಕೊಂಡರೂ ಒಬ್ಬ "ಎನ್ನ ಪಣ್ಣ?" ಅಂತಾನೆ, ಇನ್ನೊಬ್ಬ ತಲೆ ಎತ್ತದೆ "ಸಿವಪ್ಪು" ಅಂತಾನೆ.

ಮಾಮಿಯ ಹಿಮ್ಮಡಿ

ಕೆಂಪು ಸರಿ, ಯಾವ ಫಿನಿಶ್? ವರ್ಕ್‌ಶಾಪ್ ಅಣ್ಣ ಮಾದರಿಗೆ ಅಂತ ತಗಡಿನ ತುಂಡುಗಳನ್ನು ಕೊಟ್ಟ. ಒಂದು ಕನ್ನಡಿ ಹಾಗೆ ಹೊಳೆಯೋದು, ಒಂದು ಹೊಳಪಿಲ್ಲದ್ದು, ಇನ್ನೊಂದರ ಮೈಯೆಲ್ಲ ಸಣ್ಣ ಸುಕ್ಕು, ಮುಟ್ಟಿದರೆ ಒರಟು. ಅದಕ್ಕೇನೋ ಇಂಗ್ಲಿಷ್ ಹೆಸರು ಹೇಳಿದ. ಹೆಸರು ನೆನಪಿಟ್ಟುಕೊಳ್ಳೋ ಗಿರಾಕಿ ನಾನಲ್ಲ. ಬಿಸಿಲಲ್ಲಿ ನೋಡಿದರೇ ತಿಳಿಯೋದು ಅಂತ ಮಹಡಿ ಮೇಲೆ ಸಾಲಾಗಿ ಇಟ್ಟು ಡ್ಯೂಟಿಗೆ ಹೋದೆ.

ಸಂಜೆ ಬಂದರೆ ಸುಕ್ಕಿನ ತಗಡಿಲ್ಲ. ಕೆಳಗೆ ಮನೆ ಓನರ್ ಮಾಮಿ ನಲ್ಲಿ ಹತ್ತಿರ ಕೂತು ಅದರಲ್ಲಿ ಹಿಮ್ಮಡಿ ಉಜ್ಜಿಕೊಳ್ತಿದ್ದರು. ಮದ್ರಾಸಿನಲ್ಲೇ ಹುಟ್ಟಿದ ಕನ್ನಡದವರು, "ನೋಡು" ಅನ್ನೋದಕ್ಕೆ "ಪಾರು" ಅಂತಾರೆ, "ಸ್ವಲ್ಪ"ಕ್ಕೆ "ಕೊಂಜ" ಅಂತಾರೆ.

"ಮಾಮಿ, ಅದು ನನ್ನ ಕಾರಿಂದು."

"ಇರಲಿ ಬಿಡುಡಾ. ಕಾಲು ಹೇಗೆ ಪಳಪಳ ಅಂತಿದೆ ಪಾರು. ಇಷ್ಟು ಉಜ್ಜಿದೀನಿ, ಇದರ ಬಣ್ಣ ಕೊಂಜವೂ ಹೋಗಿಲ್ಲ."

ನೋಡಿದೆ, ನಿಜ. ಹಿಮ್ಮಡಿ ಸವೆದಿತ್ತು, ಬಣ್ಣ ಸವೆದಿರಲಿಲ್ಲ. ಅಲ್ಲೇ ತೀರ್ಮಾನ ಮಾಡಿದೆ, ಇದೇ ಫಿನಿಶ್.

"ಕೊಡಿ ಮಾಮಿ, ಅಂಗಡೀಲಿ ತೋರಿಸಬೇಕು."

"ಇನ್ನೊಂದು ಕಾಲು ಬಾಕಿ ಇದೆಯಲ್ಲಡಾ" ಅಂದರು.

ಸುಕ್ಕು

ತಗಡಿಲ್ಲದೆ ಬರೀ ಪೈಪು ಹಿಡಿದುಕೊಂಡು, ಬಣ್ಣ ಹಾಕೋ ಕೋಟಿಂಗ್ ಅಂಗಡಿಗೆ ಹೋದೆ. ಯಜಮಾನ ಒಂದೇ ಉಸಿರಿಗೆ "ಎನ್ನ ಕಲರ್, ಎನ್ನ ಫಿನಿಶ್?" ಅಂದ. ಕಷ್ಟದ್ದು ಮೊದಲು ಮುಗಿಸೋಣ ಅಂತ "ಸುಕ್ಕು" ಅಂದೆ.

"ಸುಕ್ಕಾ? ಕಾರುಕ್ಕಾ?" ಅಂತ ನಕ್ಕ.

ಹಳ್ಳಿಯವನು ಅಂತ ನಗ್ತಾನೆ ಅನ್ನಿಸಿ ರೇಗಿತು. "ಆಮಾ, ಕಾರಿಗೇ. ಪೂರ್ತಿ ಸುಕ್ಕು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಬೇರೆ ಕಡೆ ಹೋಗ್ತೀನಿ."

"ಮುಡಿಯುಂ ತಂಬಿ, ಮುಡಿಯುಂ" ಅಂತ ಒಪ್ಪಿಕೊಂಡ. ಗೆದ್ದೆನಲ್ಲ ಅನ್ನೋ ಖುಷಿಯಲ್ಲಿ ಕೆಂಪಿನ ಮಾತು ನನ್ನ ಬಾಯಲ್ಲೇ ಉಳೀತು.

ಭಾನುವಾರ ಮಧ್ಯಾಹ್ನ ಹೋಗಿ ನೋಡ್ತೀನಿ, ಪೈಪಿನಲ್ಲಿ ಒಂದು ಸುಕ್ಕಿಲ್ಲ, ಕೆಂಪಂತೂ ಇಲ್ಲವೇ ಇಲ್ಲ. ಮಾಸಲು ಮಣ್ಣಿನ ಬಣ್ಣ. "ಇದೇನಿದು?" ಅಂದೆ. ಯಜಮಾನ ಹೆಮ್ಮೆಯಿಂದ ಮೇಜಿನ ಮೇಲಿದ್ದ ಒಂದು ತುಂಡು ಒಣಶುಂಠಿ ತೆಗೆದು ಪೈಪಿನ ಪಕ್ಕ ಹಿಡಿದ. ತಮಿಳಿನಲ್ಲಿ ಸುಕ್ಕು ಅಂದರೆ ಒಣಶುಂಠಿ. ಪಕ್ಕದ ದಿನಸಿ ಅಂಗಡಿಯಿಂದ ತಂದಿಟ್ಟುಕೊಂಡು ಬಣ್ಣ ಬೆರೆಸಿದ್ದನಂತೆ. ಎರಡಕ್ಕೂ ಎಳ್ಳಷ್ಟು ವ್ಯತ್ಯಾಸ ಇರಲಿಲ್ಲ.

ಹಿಂದೆ ಸರಿಯೋ ಜಾಯಮಾನ ನನ್ನದಲ್ಲ. ಪೈಪು ಕೂರಿಸಿಕೊಂಡು ಮೈದಾನಕ್ಕೆ ಹೋಗಿ, ಬಾನೆಟ್ ಎತ್ತಿ, ಎದೆ ಸೆಟೆಸಿ ನಿಂತೆ. ಅಕ್ಕಪಕ್ಕ ನೀಲಿ, ನೇರಳೆ, ಕನ್ನಡಿಯಂಥ ಪೈಪುಗಳು. ಬಂದವರೆಲ್ಲ "ಇದೆನ್ನ ಕಲರ್ ಬ್ರೋ?" ಅಂದರು.

"ಸುಕ್ಕು" ಅಂದೆ, ದೊಡ್ಡ ದನಿಯಲ್ಲೇ.

ಒಬ್ಬ ಇನ್ನೊಬ್ಬನಿಗೆ ಹೇಳಿ, ಮೈದಾನದ ತುಂಬ ಸುಕ್ಕು ಸುಕ್ಕು ಅಂತ ಒಂದೇ ಮಾತು. ಸೈಕಲ್ ಮೇಲೆ ಕ್ಯಾನ್ ಕಟ್ಟಿಕೊಂಡು ಸುಕ್ಕು ಕಾಪಿ ಮಾರೋ ತಾತ, ತನ್ನನ್ನೇ ಕರೀತಿದಾರೆ ಅಂದುಕೊಂಡು ಬಂದು ನನ್ನ ಬಾನೆಟ್ ಪಕ್ಕದಲ್ಲೇ ಸ್ಟ್ಯಾಂಡ್ ಹಾಕಿದ. ಆವತ್ತಿನ ಅತಿ ದೊಡ್ಡ ಗುಂಪು ನನ್ನ ಕಾರಿನ ಮುಂದೆಯೇ. ತೀರ್ಪುಗಾರರೂ ಬಂದರು, ಕಾಪಿ ಕುಡಿದರು, ಕಪ್ಪನ್ನು ನೀಲಿ ಪೈಪಿನವನಿಗೆ ಕೊಟ್ಟರು.

ಸೋಮವಾರ ಕಾರಲ್ಲೇ ಡ್ಯೂಟಿಗೆ ಹೋದೆ. "ಕಪ್ ಬಂತೇನೋ?" ಅಂತ ಕ್ಯಾಂಟೀನಿನಲ್ಲಿ ಕೇಳಿದರು. "ಬಂತು" ಅಂದೆ. ಸುಳ್ಳಲ್ಲ. ಕ್ಯಾನ್ ಖಾಲಿಯಾಗೋ ಹೊತ್ತಿಗೆ ತಾತ ಕರೆದು ಕೈಯಲ್ಲಿಟ್ಟಿದ್ದ: ಒಂದು ಪೇಪರ್ ಕಪ್ಪು, ಅದರಲ್ಲಿ ಅರ್ಧ ಸುಕ್ಕು ಕಾಪಿ.