ರಾಣಿಯ ನೇರಳೆ ಕತ್ತಿ

ದೀಪಾಲಿ ಕೇಳಿದ್ದು ಒಂದೇ ಮಾತು. “ನಾಟಕಕ್ಕ ನೇರಳೆ ಬಣ್ಣದ ಬೆಳಕಿನ ಕತ್ತಿ ಮಾಡಿಕೊಡ್ರಿ. ನನ್ನ ಸೀರಿನೂ ಅದೇ ಬಣ್ಣದ್ದು ಅದ.”

ಯೆರವಡಾದ ಅವರ ವಸತಿ ಸೊಸೈಟಿಯ ಗಣಪತಿ ನಾಟಕ ಆ ಸಂಜೆಯೇ ಇತ್ತು. ಆಕಾಶದಿಂದ ಇಳಿದು ಬರುವ ರಾಣಿ ದೀಪಾಲಿ. ಅವಳು ಬೆಳಕಿನ ಕತ್ತಿಯಿಂದ ಕೊಲ್ಲಬೇಕಾದ ರಾಕ್ಷಸ, ಕೆಳಮನೆಯ ಕೃಷ್ಣಾಜಿ. ಅವಳ ಗಂಡ ಸಿದ್ದಾರೂಢ ಮಾರ್ಕೆಟ್ ಯಾರ್ಡಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಕರೆಂಟಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಬಿಲ್ಲು ಕಟ್ಟುವುದಷ್ಟೇ. ಆದರೆ ಮದುವೆಯಾದ ಮೇಲೆ ಹೆಂಡತಿ ಬಾಯಿ ಬಿಟ್ಟು ಕೇಳಿದ್ದು ಇದೇ ಮೊದಲು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಹೊಟ್ಟೆನೋವು ಎಂದು ಆಫೀಸಿಗೆ ಫೋನ್ ಮಾಡಿ, ಪಾಸೋಡ್ಯಾ ವಿಠೋಬಾ ಗುಡಿಯ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಓಡಿದ. ನೇರಳೆ ಎಲ್‌ಇಡಿ ಇರಲಿಲ್ಲ. ಕೆಂಪು, ನೀಲಿ ಕೂಡಿಸಿದರಾಯಿತು ಎಂದ ಅಂಗಡಿಯವನು, ಸಾರಿಗೆ ಉಪ್ಪು ಹಾಕು ಅಂದಷ್ಟು ಸಲೀಸಾಗಿ.

ಮನೆಗೆ ಬಂದು ಪಾರದರ್ಶಕ ಪೈಪು, ಹಳೇ ಟಾರ್ಚಿನ ಹಿಡಿ, ತಂತಿ, ಅದನ್ನು ಕಾಯಿಸಿ ಬೆಸೆಯುವ ಸೋಲ್ಡರಿಂಗ್ ಕಡ್ಡಿ ಹರವಿಕೊಂಡು ಕೂತಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ನೆರೆಹೊರೆಯವರು ಬಂದರು.

“ಎಲ್ಲಾ ಲೈಟಿನ ತುದಿ ಒಂದs ಕಡೆ ಕೂಡಿಸಿ ಕಟ್ಟೋ ತಮ್ಮಾ. ಕರೆಂಟ್ ತಡಿಯೋ ರೆಸಿಸ್ಟರ್ ಎಲ್ಲಕ್ಕೂ ಒಂದs ಸಾಕು,” ಎಂದರು ಕೃಷ್ಣಾಜಿ. “ನಾ ಸೊಲ್ಲಾಪುರದಾಗ ರೇಡಿಯೋ ರಿಪೇರಿ ಮಾಡಿದಾಂವ.”

ಹಾಗೇ ಕಟ್ಟಿದ. ಕೆಂಪು ಧಗಧಗ ಉರಿಯಿತು. ನೀಲಿ ಕಣ್ಣೇ ಬಿಡಲಿಲ್ಲ. ಕತ್ತಿ, ಕಮ್ಮಾರ ಕುಲುಮೆಯಿಂದ ತೆಗೆದ ಸಲಾಕೆಯಂತಿತ್ತು.

“ಬಿಳಿ ಲೈಟಿಗೆ ನೇರಳೆ ಕಾಗದ ಸುತ್ತಿದ್ರೆ ಆಗುದಿಲ್ವಾ ಮಾರಾಯ್ರೆ?” ಎಂದು ಎದುರುಮನೆಯ ಪಂಕಜಾಕ್ಷಿ ಬಾಗಿಲಿನಿಂದಲೇ ಕೂಗಿದರು. ಅದನ್ನೂ ಮಾಡಿದ. ಬೂಷ್ಟು ಹಿಡಿದ ಬದನೆಕಾಯಿಯ ಬಣ್ಣ ಬಂತು.

ತಂತಿ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ, ಎರಡು ಬೆರಳು ಸುಟ್ಟುಕೊಂಡ ಸಿದ್ದಾರೂಢ ಅಳುವುದೊಂದು ಬಾಕಿ. ಊಟಕ್ಕೆ ಕರೆಯಲು ಬಂದ ಅವನ ತಾಯಿ ಸಾವಂತ್ರವ್ವ ಎಲ್ಲವನ್ನೂ ಕೇಳಿ, “ಒಂದs ತಾಟಿನ್ಯಾಗ ಇಬ್ಬರಿಗೆ ನೀಡಿದ್ರ ಹಸದಾಂವ ಎಲ್ಲಾ ತಿಂತಾನಪ್ಪಾ. ಬ್ಯಾರೆ ಬ್ಯಾರೆ ನೀಡು” ಎಂದಳು.

ಅವನು ಊಟ ಬಿಟ್ಟು ಮತ್ತೆ ಕೂತ. ಕೆಂಪಿಗೊಂದು, ನೀಲಿಗೊಂದು ಬೇರೆ ಬೇರೆ ರೆಸಿಸ್ಟರ್ ಹಾಕಿ, ಎರಡೂ ಬಣ್ಣ ಬೆರೆಯಲೆಂದು ಪೈಪಿನೊಳಗೆ ಬಟರ್ ಪೇಪರ್ ಸುತ್ತಿ, ಗುಂಡಿ ಒತ್ತಿದ. ಕೋಣೆ ತುಂಬ ನೇರಳೆ ಬೆಳಕು! ದೀಪಾಲಿ ಸೆರಗನ್ನು ಕತ್ತಿಯ ಪಕ್ಕ ಹಿಡಿದು ನೋಡಿದಳು. ಆಮೇಲೆ ಅವನ ಬೆರಳುಗಳನ್ನು ನೋಡಿದಳು.

ಸಂಜೆ ಮಂಟಪ ಕಿಕ್ಕಿರಿದಿತ್ತು. ರಾಣಿ ಕತ್ತಿ ಎತ್ತಿದಾಗ ಮಂದಿ “ಓಹೋ!” ಎಂದರು. ಸಿದ್ದಾರೂಢನ ಎದೆ ಉಬ್ಬಿತು. ಕೃಷ್ಣಾಜಿ ಅಬ್ಬರಿಸಿ ಎದೆಯೊಡ್ಡಿದರು. ಕತ್ತಿ ಮಾತ್ರ ಕೆಳಗಿಳಿಯಲಿಲ್ಲ.

ರಾಣಿ ರಾಕ್ಷಸನನ್ನು ಸುತ್ತಿದಳು. ರಾಕ್ಷಸ ಕಾದ. ಕೊನೆಗೆ ರಾಣಿ, ಕೂಸಿಗೆ ದೃಷ್ಟಿಬೊಟ್ಟು ಇಡುವಂತೆ, ಕತ್ತಿಯ ತುದಿಯನ್ನು ಅವನ ಹೊಟ್ಟೆಗೆ ಮುಟ್ಟಿಸಿ ಹಿಂದೆ ತೆಗೆದಳು. ಕೃಷ್ಣಾಜಿ ಬಿದ್ದರು. ಮತ್ತೆ ಅನುಮಾನ ಬಂದು ಎದ್ದು ಕೂತು, “ಸತ್ನೇನವ್ವಾ ನಾನು?” ಎಂದು ಕೇಳಿದರು.

ಮಂಟಪ ಹಾರಿಹೋಗುವ ಹಾಗೆ ನಗು. ರೋಷದ ನಾಟಕ ಹಾಸ್ಯವಾಯಿತು; ಉತ್ತಮ ನಟನೆಯ ಬಹುಮಾನ ರಾಕ್ಷಸನ ಪಾಲಾಯಿತು.

ಮೆಟ್ಟಿಲು ಹತ್ತುವಾಗ ಸಿದ್ದಾರೂಢ ಕೇಳಿಯೇಬಿಟ್ಟ. “ಒಂದು ಏಟು ಹಾಕಬೇಕಿತ್ತಿಲ್ಲೋ?”

“ಹೆಂಗ ಹಾಕ್ಲಿ ರೀ? ತಂತಿ ಕಡದ್ರ? ಕೈ ಸುಟಗೊಂಡು ಮಾಡೀರಿ.” ಅವಳು ಅವನ ಬೆರಳುಗಳನ್ನು ಹಿಡಿದು ಮೆಲ್ಲಗೆ ಊದಿದಳು. ಇನ್ನೂ ಹತ್ತು ಬಹುಮಾನ ಕೃಷ್ಣಾಜಿಗೇ ಹೋಗಲಿ ಅನ್ನಿಸಿತು ಅವನಿಗೆ.

“ಮತ್ತ, ನಾಳೆ ವಿಮಾನ ನಗರದ ಗಣಪತಿ ಮಂಡಳದವರು ನಮ್ಮ ನಾಟಕ ಆಡಾಕ ಕರದಾರ. ಇದನ್ನ ನಾ ಟ್ರಂಕಿನ್ಯಾಗ ಇಡ್ತೀನಿ. ಹೊಡ್ಯಾಕ ಇನ್ನೊಂದು ಮಾಡಿಕೊಡ್ರಿ.”

ಸಿದ್ದಾರೂಢ ಗೋಡೆ ಹಿಡಿದು ನಿಂತ. “ಅದರಿಂದರೇ ಹೊಡೀತಿಯಿಲ್ಲೋ?”

ದೀಪಾಲಿ ಯೋಚಿಸಿದಳು. ಕತ್ತಿಯ ಬೆಳಕಿನಲ್ಲಿ ಅವಳ ಮುಖ ಚಂದ ಕಾಣುತ್ತಿತ್ತು.

“ಅದನ್ನೂ ನೀವs ಮಾಡಾವ್ರಲ್ಲೇನ್ರಿ?”